ಹೂಂ ಅನ್ನುವವನ ಗಣಿತ

ಏಳನೆಯ ಇಯತ್ತೆಗೇ ಶಾಲೆಗೆ ಶರಣು ಹೊಡೆದವನು ನಾನು. ಆದರೂ ಒಂದು ಕಾಲಕ್ಕೆ ಮೂಡಲಗಿಯಿಂದ ಹುಕ್ಕೇರಿಯ ತನಕ ಗಣಿತ ಕಲಿಯುವ ಹುಡುಗಿಯರೆಲ್ಲ ನನ್ನ ದನಿ ಕೇಳಿದ್ದಾರೆ. ಹೆಮ್ಮೆಗಾಗಿ ಹೇಳುತ್ತಿಲ್ಲ. ಹೇಳದಿದ್ದರೆ ಊಟ ರುಚಿಸುವುದಿಲ್ಲ, ಅದಕ್ಕೆ.

ಅದು ಟೇಪ್ ರೆಕಾರ್ಡರಿನ ಕಾಲ. ಗೋಕಾಕದ ಬಸ್ ನಿಲ್ದಾಣದ ಬಾಜೂ ನನ್ನದು ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುವ ಅಂಗಡಿ. ತಂಗಿ ಪದ್ಮಾ ಮೂಡಲಗಿಯಲ್ಲಿ ಹೈಸ್ಕೂಲಿನ ಗಣಿತದ ಅಕ್ಕೋರು. ಹತ್ತನೆಯ ತರಗತಿಯ ಗಣಿತದಲ್ಲಿ ಬಿದ್ದು ಮನೆಯಲ್ಲಿ ಕೂತ ಹುಡುಗಿಯರಿಗಾಗಿ ಪಾಠಗಳನ್ನು ಕ್ಯಾಸೆಟ್ಟಿಗೆ ಹಾಕುವ ಹುಕಿ ಅವಳಿಗೆ ಬಂತು. ರೊಟ್ಟಿ ಬಡಿಯುತ್ತ ಹಾಡು ಕೇಳುವವರು ತ್ರಿಭುಜವನ್ನೂ ಕೇಳಲಿ ಎಂಬ ಘನ ವಿಚಾರ.

ಯಂತ್ರದ ಮುಂದೆ ಕೂತರೆ ಅವಳ ಬಾಯಿಯೇ ಕಟ್ಟಿತು. ನಮ್ಮ ಕಡೆ ಕಥೆ ಹೇಳುವವರ ಎದುರು ಒಬ್ಬರು ‘ಹೂಂ’ ಅನ್ನುತ್ತಿರಬೇಕು. ಹೂಂ ನಿಂತರೆ ರಾಜಕುಮಾರಿ ಕಾಡಿನಲ್ಲೇ ನಿಲ್ಲುತ್ತಾಳೆ.

“ಅಣ್ಣಾ, ನೀ ಬಾಜೂ ಕುಂಡ್ರು. ತಿಳಿದ್ರ ಹೂಂ ಅನ್ನು. ನಿನಗ ತಿಳೀತಂದ್ರ ಊರಿಗೆಲ್ಲಾ ತಿಳೀತೈತಿ” ಅಂದಳು ಪದ್ಮಾ.

ದಡ್ಡತನಕ್ಕೆ ಇಷ್ಟು ಮರ್ಯಾದೆಯ ಹುದ್ದೆ ಯಾವ ಸರಕಾರವೂ ಕೊಟ್ಟಿಲ್ಲ. ‘ತಿಳಿದ್ರ’ ಎಂಬ ಷರತ್ತನ್ನು ಮಾತ್ರ ನಾನು ಅಲ್ಲೇ ಕೈಬಿಟ್ಟೆ. ಅವಳು ಪಾಟಿಯ ಮೇಲೆ ಗೆರೆ ಎಳೆಯುತ್ತ, “ಈ ಕೋನ ಅದಕ್ಕ ಸಮ, ಇದು ಇದಕ್ಕ ಸಮ, ತಿಳೀತಲ್ಲ?” ಅನ್ನುವಳು. ನಾನು ಶೇಂಗಾ ಸುಲಿಯುತ್ತ, ಗಂಭೀರವಾಗಿ, “ಹೂಂ.” ಈ ಲೋಕ ನಿಂತಿರುವುದೇ ಇಂಥ ಹೂಂಗಳ ಮೇಲೆ. ಪುರಾಣ, ಭಾಷಣ, ಹೆಣ್ಣು ನೋಡುವ ಶಾಸ್ತ್ರ, ಎಲ್ಲ ಅದರಿಂದಲೇ ಸುಸೂತ್ರ. ತ್ರಿಭುಜವೊಂದೇ ಯಾಕೆ ಬೀಳಬೇಕು?

ಪ್ರತಿಗಳು ನನ್ನ ಅಂಗಡಿಯಿಂದಲೇ ಊರೂರಿಗೆ ಹೋದವು. ಕ್ಯಾಸೆಟ್ಟಿನಲ್ಲಿ ಪಾಟಿ ಕಾಣುವುದಿಲ್ಲ ಎಂಬ ಸಣ್ಣ ಸಂಗತಿ ಅಣ್ಣ ತಂಗಿ ಇಬ್ಬರಿಗೂ ಹೊಳೆದಿರಲಿಲ್ಲ. ಅವಳು ನನ್ನನ್ನು ನಂಬಿದ್ದಳು; ನಾನು ಕೇಳಿಸಿಕೊಂಡೇ ಇರಲಿಲ್ಲ.

ಒಂದು ಸಂಜೆ ಪದ್ಮಾ ಮುಖ ಸಣ್ಣಗೆ ಮಾಡಿಕೊಂಡು ಬಂದಳು. ಕಸ್ತೂರಿ ಎಂಬ ಹುಡುಗಿ ಇನ್ನು ಪರೀಕ್ಷೆಗೆ ಕೂರುವುದೇ ಇಲ್ಲ ಅಂದಿದ್ದಳಂತೆ. “‘ಕ್ಯಾಸೆಟ್ಟಿನ್ಯಾಗಿನ ಆ ಕಾಕಾಗ ಒಮ್ಮೆ ಹೇಳಿದ್ರ ತಿಳೀತೈತ್ರಿ, ನನ್ನ ತಲ್ಯಾಗ ಏನೂ ಇಲ್ರಿ ಅಕ್ಕೋರ’ ಅಂತ ಅತ್ಲು. ಅಣ್ಣಾ, ನಿನಗ ಖರೆ ತಿಳಿದಿತ್ತೇನು?”

ಬಾಯಿಗೆ ರೂಢಿ. “ಹೂಂ” ಅಂದೆ.

“ಹಂಗಾರ ಹೇಳು. ತ್ರಿಭುಜದ ಮೂರು ಕೋನ ಕೂಡಿದ್ರ ಎಷ್ಟು?”

“ಮೂರು ಅಲ್ಲೇನು?”

ಅವಳು ನಗಲಿಲ್ಲ, ಬೈಯಲೂ ಇಲ್ಲ. ಬೈದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಸುಮ್ಮನೆ ಹೊಸ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದಳು.

ಈ ಸಲ ಪೂರಾ ಕೇಳಿದೆ. ಕೇಳಿ, “ತಿಳೀಲಿಲ್ಲ” ಅಂದೆ. ಮತ್ತೆ ಹೇಳಿದಳು. “ತಿಳೀಲಿಲ್ಲವಾ.”

“ಸಾಲ್ಯಾಗ ಹಿಂಗ ಬಾಯಿ ಬಿಟ್ಟಿದ್ರ ನೀ ಇವತ್ತ ಕಲೆಕ್ಟರ್ ಆಗಿರ್ತಿದ್ದಿ!” ಎಂದು ಸಿಡಿದವಳು, ನನ್ನ ಊಟದ ತಾಟಿನಿಂದ ಚಪಾತಿ ತೆಗೆದು ಕೈಗಿಟ್ಟಳು. “ಇದರಾಗ ಒಂದು ತ್ರಿಕೋನ ಕತ್ತರ್ಸು. ಮೂರೂ ಮೂಲಿ ಹರಿ. ಚೂಪು ತುದಿ ಒಂದಕ್ಕೊಂದು ತಾಗಿಸಿ ಬಾಜೂ ಬಾಜೂ ಇಡು.”

ಇಟ್ಟೆ. ಕೆಳಗಿನ ಅಂಚು ದಾರ ಹಿಡಿದಂತೆ ನೆಟ್ಟಗಾಯಿತು. “ಅಯ್ಯ, ಸೀದಾ ಆತಲ್ಲ!” ಎಂದು ಕೂಗಿಬಿಟ್ಟೆ. ಕ್ಯಾಸೆಟ್ಟಿನಲ್ಲಿ ಸೇರಿದ ಬೈಗುಳವನ್ನು ಅಳಿಸೋಣ ಅಂದಳು ಪದ್ಮಾ, ನಾನು ಬಿಡಲಿಲ್ಲ.

ಆ ಕ್ಯಾಸೆಟ್ ಕೇಳಿದ ಕಸ್ತೂರಿ ಶಾಲೆಗೇ ಓಡಿಬಂದಳಂತೆ. “ಅಕ್ಕೋರ, ಆ ಕಾಕಾ ನನಗಿಂತಾ ದಡ್ಡ ಅದಾರ್ರಿ! ನಾ ಪರೀಕ್ಷಾ ಕಟ್ತೇನ್ರಿ.”

ಇದನ್ನು ಹೇಳುವಾಗ ಪದ್ಮಾ, ಅಣ್ಣನಿಗೆ ಬೇಸರವಾದೀತೇನೋ ಎಂದು ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಪ, ಅವಳಿಗೇನು ಗೊತ್ತು? ನನ್ನ ವಿದ್ಯೆಯ ಬಗ್ಗೆ ಅಷ್ಟು ಒಳ್ಳೆಯ ಮಾತನ್ನು ಅದುವರೆಗೆ ಯಾರೂ ಆಡಿರಲಿಲ್ಲ.