ಕಟ್ಟೆ ಏರಿದ ಕಲ್ಲು

ಸಮುದ್ರದ ಮಟ್ಟವನ್ನು ಊರೊಳಗೆ ತರುವುದು ನನ್ನ ಕೆಲಸ. ಬಂದರಿನಲ್ಲಿ ನೀರಿನ ಏರಿಳಿತ ದಾಖಲಿಸುವ ಮಾಪಕವಿದೆ. ಅದರ ಪಕ್ಕದ ಗುರುತಿನಿಂದ ಹೊರಟು, ಲೆವೆಲ್ ಯಂತ್ರ, ಅಳತೆಕೋಲು ಹಿಡಿದು ಬಂಟ್ವಾಳ ದಾಟಿ ಬೆಳ್ತಂಗಡಿಯವರೆಗೆ ಅಳೆಯುತ್ತ ಹೋಗಬೇಕು. ದಾರಿಯಲ್ಲಿರುವ ಹಳೆಯ ಸರ್ಕಾರಿ ಕಲ್ಲುಗಳ ಮೇಲೆ ಕೆತ್ತಿದ ಎತ್ತರ ಈಗಲೂ ಸರಿಯಿದೆಯೇ ಎಂದು ನೋಡಬೇಕು.

ಬಂಟ್ವಾಳದ ಹೊಳೆಬದಿಯಲ್ಲಿ ಒಬ್ಬ ಅಕ್ಕನ ಚಿಕ್ಕ ಹೊಟೇಲಿತ್ತು. ಪಕ್ಕದಲ್ಲೇ ಹೊಸ ಕಟ್ಟಡಕ್ಕೆ ಗೋಡೆ ಎದ್ದು, ಹೆಂಚಿನ ಮಾಡು ಹೊದಿಸುವುದಷ್ಟೇ ಬಾಕಿಯಿತ್ತು. ಅಕ್ಕ ನೀರುದೋಸೆ ಬಡಿಸುತ್ತ ಅಳು ನುಂಗಿಕೊಂಡೇ ಹೇಳಿದರು: ಕಂಟ್ರಾಕ್ಟರು ಎದುರಿನ ಸರ್ಕಾರಿ ಕಲ್ಲಿನಿಂದ ಅಳೆದು ನೋಡಿದರಂತೆ, ಹೊಸ ನೆಲ ನೆರೆನೀರಿನ ಮಟ್ಟಕ್ಕಿಂತ ತಗ್ಗಂತೆ, ನಾಳೆ ಗೋಡೆ ಒಡೆಯುತ್ತಾರಂತೆ.

ನಾವು ಸಮುದ್ರದಿಂದ ತಂದ ಎತ್ತರಕ್ಕೂ ಆ ಕಲ್ಲಿನ ಅಂಕಿಗೂ ಮೊಣಕಾಲಷ್ಟು ವ್ಯತ್ಯಾಸ ಬಂತು. ನಾವೇ ಎಲ್ಲೋ ಎಡವಿದ್ದೇವೆ, ಮತ್ತೆ ಅಳೆಯುವ ಎಂದ, ಕಲ್ಲಿನ ಮೇಲೆ ಕೋಲು ಹಿಡಿದಿದ್ದ ಜೊತೆಗಾರ. ನನಗೆ ಸಿಟ್ಟು ನೆತ್ತಿಗೇರಿತು. ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಅಳೆದಿದ್ದೆವು, ಎರಡೂ ತಾಳೆಯಾಗಿದ್ದವು. ತಪ್ಪಿದ್ದರೆ ಅದು ಕಲ್ಲಿನದು ಎಂದೆ.

ಯಂತ್ರ ಬಿಟ್ಟು ಹತ್ತಿರ ಹೋಗಿ ನೋಡಿದರೆ ಕಲ್ಲು ಪುಟ್ಟ ಸಿಮೆಂಟು ಕಟ್ಟೆಯ ಮೇಲೆ ಕೂತಿದೆ, ತಲೆಗೊಂದು ದಾಸವಾಳ. ಕೆತ್ತನೆಯಿರುವ ಕಲ್ಲು ಕೆಸರಿನಲ್ಲಿದ್ದರೆ ನಮ್ಮ ಕಡೆಯವರಿಗೆ ಮನಸ್ಸು ತಡೆಯುವುದಿಲ್ಲ. ನಾನೂ ಮೂಡುಬಿದಿರೆಯವಳೇ, ನೋಡಿದ ಕೂಡಲೇ ಅರ್ಥವಾಯಿತು.

"ಈ ಕಟ್ಟೆ ಯಾರು ಕಟ್ಟಿಸಿದ್ದು ಅಕ್ಕಾ?"

"ನಾನೇ. ನೆರೆ ಬಂದಾಗೆಲ್ಲ ಪಾಪ, ಮುಳುಗ್ತಾ ಇತ್ತು. ಎತ್ತಿ ಇಡಿಸಿದೆ."

ಕಲ್ಲು ಮೇಲೇರಿದರೂ ಅದರ ಮೇಲಿನ ಅಂಕಿ ಹಾಗೇ ಉಳಿದಿತ್ತು. ಆದ್ದರಿಂದ ಅದನ್ನು ನಂಬಿ ಅಳೆದದ್ದೆಲ್ಲ ಇರುವುದಕ್ಕಿಂತ ತಗ್ಗಾಗಿಯೇ ಬರುತ್ತಿತ್ತು. ಅಕ್ಕನಿಗೆ ಅದನ್ನು ಬಿಡಿಸಿ ಹೇಳಿದೆ. ಅವರು ಬೆಂಚಿನ ಮೇಲೆ ಕುಸಿದು ಕೂತರು.

"ಹಾಗಾದ್ರೆ ನನ್ನ ಹೊಟೇಲನ್ನು ಮುಳುಗಿಸಿದ್ದು ನಾನೇಯಾ?"

ಕಂಟ್ರಾಕ್ಟರು ಒಪ್ಪಲಿಲ್ಲ. ಸರ್ಕಾರಿ ಕಲ್ಲು ಸುಳ್ಳು ಹೇಳುತ್ತದೆಯೇ ಎಂದು ವಾದಕ್ಕಿಳಿದರು. ಹೊಸ ಬಾಗಿಲಲ್ಲಿ ಅಳತೆಕೋಲನ್ನು ಅವರ ಕೈಯಲ್ಲೇ ಹಿಡಿಸಿದೆ, ಬಂದರಿನಿಂದ ತಂದ ಲೆಕ್ಕ ತೋರಿಸಿದೆ. ನೆಲ ನೆರೆಯ ಮಟ್ಟಕ್ಕಿಂತ ಮೇಲೆಯೇ ಇತ್ತು. ಗೋಡೆ ಉಳಿಯಿತು. ನಾವು ಅಲುಗದ ಬಂಡೆಯೊಂದನ್ನು ಹುಡುಕಿ ಹೊಸ ಗುರುತು ಕೊರೆದು ಮುಂದೆ ಹೋದೆವು.

ಆ ಮಳೆಗಾಲ ನೇತ್ರಾವತಿ ಉಕ್ಕಿದ ಸುದ್ದಿ ಕೇಳಿ ನನಗೆ ಊಟ ಸೇರಲಿಲ್ಲ. ಲೆಕ್ಕದ ಮೇಲೆ ಅನುಮಾನವಿರಲಿಲ್ಲ, ಆದರೂ ಅಳತೆಯ ಪುಸ್ತಕ ತೆಗೆದು ಆ ಪುಟವನ್ನು ಮತ್ತೆ ಕೂಡಿಸಿ ನೋಡಿದೆ. ಮಧ್ಯಾಹ್ನ ಅಕ್ಕನ ಫೋನು ಬಂತು.

"ನೀರು ಹೊಸ ಹೊಟೇಲಿನ ಮೆಟ್ಟಿಲವರೆಗೆ ಬಂದು ನಿಂತಿದೆ ಮೇಡಂ. ಒಳಗೆ ಒಲೆ ಉರೀತಾ ಉಂಟು."