ರೀ ಅಂದರೆ ಯಾರು?

ಪಕ್ಕದ ಮನೆ ಕಾಕುವಿನ ಎಡಗೆನ್ನೆ ಯಾವಾಗಲೂ ಉಬ್ಬಿರುತ್ತಿತ್ತು. ಹೊಸಬರು ಹಲ್ಲುನೋವು ಅಂದುಕೊಂಡು ಲವಂಗ ಕಚ್ಚಿಕೊಳ್ಳಲು ಹೇಳುತ್ತಿದ್ದರು. ಒಳಗಿದ್ದದ್ದು ಜ್ಯೇಷ್ಠಮಧುವಿನ ತುಂಡು. ದನಿ ಕೆಡಬಾರದೆಂದು ಇಟ್ಟುಕೊಂಡದ್ದು. ವಾಡಿ ಜಂಕ್ಷನ್ನಿನ ಮೈಕಿನ ಮುಂದೆ ಬಾಯಿ ತೆರೆಯುವ ಮೊದಲು ಅದನ್ನು ನಾಲಗೆಯಿಂದ ಬಲಕ್ಕೆ ತಳ್ಳುತ್ತಿದ್ದರು. ಆಗ ಹಲ್ಲಿಗೆ ತಾಗಿ ‘ಟಕ್’ ಎಂಬ ಸದ್ದು ಅರ್ಧ ಊರಿಗೆ ಕೇಳುತ್ತಿತ್ತು. ಟಕ್ ಅಂದರೆ ಸಾಕು, ಹೋಟೆಲಿನಲ್ಲಿ ಕೂತವರು ಬಸಿಯಲ್ಲಿದ್ದ ಚಹಾ ಗಟಕ್ಕನೆ ಕುಡಿದು ಏಳುತ್ತಿದ್ದರು. ಆಮೇಲೆ ಬರುತ್ತಿತ್ತು, “ಪ್ರಯಾಣಿಕರ ಗಮನಕ್ಕೆ...” ಕನ್ನಡ, ಹಿಂದಿ, ಇಂಗ್ಲಿಷ್, ಮೂರರಲ್ಲೂ ಅದೇ ಠೀವಿ.

ಕಾಕು ಅಂದರೆ ನಮ್ಮ ಕಡೆ ಚಿಕ್ಕಮ್ಮ, ನಾವು ಅವರನ್ನು ಹಾಗೇ ಕರೆಯುತ್ತಿದ್ದೆವು. ಗಂಡ ತೀರಿಕೊಂಡ ಮೇಲೆ ಅವರಿಗೆ ರೈಲ್ವೆಯಲ್ಲಿ ಸಿಕ್ಕ ಕೆಲಸ ಈ ಅನೌನ್ಸ್‌ಮೆಂಟು. ಅವರ ಮನೆಯವರು ಮಠ, ಮಡಿ, ಏಕಾದಶಿ ಅನ್ನುವ ವೈಷ್ಣವರು. ನಾವು ವಿಭೂತಿ ಹಚ್ಚಿಕೊಂಡು ತೊಗರಿ ಮಾರುವವರು. ನಡುವೆ ಒಂದು ಗಿಡ್ಡ ಗೋಡೆ, ಅದರ ಮೇಲೆ ದಿನಾ ಆಚೀಚೆ ಓಡಾಡುವ ಪಲ್ಯದ ಬಟ್ಟಲುಗಳು.

ಕಾಕುವಿನ ಬಾಯಲ್ಲಿ ಎಲ್ಲರಿಗೂ ‘ರಿ’ ಸಿಗುತ್ತಿತ್ತು. ಅಂಗಳಕ್ಕೆ ಬಂದ ನಾಯಿಗೂ “ಹೊರಗ ನಡೀರಿ” ಅನ್ನುತ್ತಿದ್ದರು. ನನಗೆ ಮಾತ್ರ “ಲೋ ಹುಚ್ಚಪ್ಯಾಲಿ”. ನಾಯಿಗಿಂತ ಕೆಳಗೆ ನನ್ನ ದರ್ಜೆ. ಅದಕ್ಕೆ ಕಾರಣಗಳನ್ನು ನಾನು ಧಾರಾಳವಾಗಿ ಒದಗಿಸಿದ್ದೆ.

ಎರಡು ಸಾವಿರದ ಇಸವಿಯ ಆಚೀಚೆ ನಾನು ಗುಲಬರ್ಗಾದಲ್ಲಿ ಬಿ.ಬಿ.ಎಂ. ಓದುತ್ತಿದ್ದೆ. ಓದುತ್ತಿದ್ದೆ ಅನ್ನುವುದು ದೊಡ್ಡ ಮಾತು, ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಒಂದು ದಿನ ಕಾಲೇಜಿನ ಬೋರ್ಡಿನ ಮೇಲೆ ಚೀಟಿ ಕಂಡಿತು. ಅಂತರರಾಷ್ಟ್ರೀಯ ವ್ಯಾಪಾರ ಕಲಿಯುವ ಆಸೆಯಿದ್ದ ಒಬ್ಬರಿಗೆ ಹಾಲೆಂಡಿನ ಕಾಲೇಜೊಂದರಲ್ಲಿ ಒಂದು ಸೆಮಿಸ್ಟರ್, ಫೀ ಇಲ್ಲ, ವಸತಿಯೂ ಅವರದೇ. ಆಯ್ಕೆ ಫೋನ್ ಸಂದರ್ಶನದಲ್ಲಿ. ಅರ್ಜಿ ಹಾಕಿದವರು ಇಬ್ಬರು. ಇನ್ನೊಬ್ಬ ಅದನ್ನು ಬಸ್ ಪಾಸಿನ ಅರ್ಜಿ ಎಂದು ತಿಳಿದಿದ್ದ. ಆದರೂ ಅವನ ಇಂಗ್ಲಿಷ್ ನನ್ನದಕ್ಕಿಂತ ಚೆನ್ನಾಗಿತ್ತು.

ಅಪ್ಪ ಅಂದರು, “ಹಾಲೆಂಡಿಗೆ ಹೋಗಿ ಏನ್ ವ್ಯಾಪಾರ ಕಲಿತಿಯೋ? ಸೇಡಂದಾಗ ನಮ್ಮ ತೊಗರಿ ಅಡತಿ ಅಂಗಡ್ಯಾಗ ಕುಂದರು, ಗಿರಾಕಿ ತಾನೇ ಕಲಿಸ್ತಾನ. ಇದೊಂದು ಸಲ ನೋಡು. ಸಿಗಲಿಲ್ಲಂದ್ರ ಮುಂದಿನ ಸೋಮವಾರದಿಂದ ಗಾದಿ ಮ್ಯಾಲ ನೀನೇ.” ತೊಗರಿ ಚೀಲಗಳ ನಡುವೆ ಲೋಡಿಗೆ ಒರಗಿ ಮುದುಕನಾಗುತ್ತಿರುವ ನನ್ನನ್ನು ನಾನೇ ಕಂಡೆ. ಗೋಡೆ ಹಾರಿ ಕಾಕುವಿನ ಮನೆಗೆ ಹೋದೆ.

“ಇಂಗ್ಲಿಷ್ ಕಲಿಸ್ರಿ ಕಾಕು.”

“ಮೊದಲು ಆ ರಿ ಬಿಡೋ. ಇಂಗ್ಲಿಷ್‌ದಾಗ ರಿ ಇಲ್ಲ. ಅದಕ್ಕೇ ಪಾಪ ಅವರು ಪ್ಲೀಸ್ ಪ್ಲೀಸ್ ಅಂತ ಬಡಕೋತಾರ.”

ಕಾಯಿಲೆ ಅಲ್ಲೇ ಇತ್ತು. ನಾನು ‘ಯೆಸ್‌ರಿ’, ‘ನೋರಿ’, ‘ಥ್ಯಾಂಕ್ಯೂರಿ’ ಅನ್ನುವ ಗಿರಾಕಿ. ಪ್ರತಿ ರಿಗೂ ಕಾಕು ತೋಳು ಚಿವುಟಿದರು. ವಾರದಲ್ಲಿ ನನ್ನ ತೋಳು ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತು. ರಿ ಹೋಗಲಿಲ್ಲ, ಜೊತೆಗೆ ಇನ್ನೊಂದು ಅಂಟಿಕೊಂಡಿತು. ಕಾಕುವಿನ ಬಾಯಿಂದ ಕಲಿತದ್ದಕ್ಕೆ ನನ್ನ ಇಂಗ್ಲಿಷೆಲ್ಲ ಅನೌನ್ಸ್‌ಮೆಂಟಿನ ರಾಗಕ್ಕೆ ಬಂತು. ನಾನು ಹೆಸರು, ಊರು ಹೇಳಿಕೊಳ್ಳುವುದನ್ನು ಕೇಳಿ ಅಪ್ಪ ಗೋಡೆಯಾಚೆಯಿಂದ ಕೂಗಿದರು, “ಗಾಡಿ ಎಷ್ಟ ತಾಸು ಲೇಟಂತಪಾ?”

ನಮ್ಮ ಫೋನಿನ ತಂತಿಯ ಮೇಲೆ ಅಪ್ಪ ಒದ್ದೆ ಲುಂಗಿ ಒಣಹಾಕಿದಾಗಿನಿಂದ ಅದು ಮಾತು ಬಿಟ್ಟಿತ್ತು. ಹಾಗಾಗಿ ಕಾಕುವಿನ ಮನೆಯ ನಂಬರ್ ಕೊಟ್ಟಿದ್ದೆ. ಸಂದರ್ಶನದ ಹೊತ್ತಿಗೆ ಪಕ್ಕದಲ್ಲಿ ಯಾರೂ ಇರಬಾರದು, ಹೇಳಿಕೊಡಬಾರದು ಎಂದು ಕಾಲೇಜಿನವರು ತಾಕೀತು ಮಾಡಿದ್ದರು. ಕಾಕು ಪಕ್ಕದಲ್ಲೇ ಕೂತರು. “ನಾ ಉಸಿರೂ ಬಿಡಂಗಿಲ್ಲ, ಖಾಲಿ ಚಿವುಟ್ತೀನಿ,” ಅಂದರು.

ಫೋನ್ ಬಂತು. ಎತ್ತಿದೆ. ಬಾಯಿಪಾಠ ಮಾಡಿದ್ದೆಲ್ಲ ಆವಿಯಾಯಿತು. ಉಳಿದದ್ದು ಒಂದೇ.

“ಯುವರ್ ಅಟೆನ್ಷನ್ ಪ್ಲೀಸ್!”

ಆ ಕಡೆಯಿಂದ ಹೆಂಗಸಿನ ದನಿ ಶಾಂತವಾಗಿ, “ನನ್ನ ಗಮನ ಪೂರ್ತಿ ನಿಮ್ಮ ಕಡೆಗೇ ಇದೆ,” ಅಂದಿತು. ಅಂತರರಾಷ್ಟ್ರೀಯ ವ್ಯಾಪಾರವನ್ನೇ ಯಾಕೆ ಕಲಿಯಬೇಕು ಎಂದು ಕೇಳಿತು. ಹೊರಗೆ ಸಿಮೆಂಟಿನ ಗೂಡ್ಸ್ ಗಾಡಿ ಹೋಗುತ್ತಿತ್ತು. ಅದು ಪೂರ್ತಿ ದಾಟುವವರೆಗೆ ನಾನು ಯೋಚಿಸುತ್ತಿರುವವನಂತೆ ನಟಿಸಿದೆ. ದಾಟಿದ ಕೂಡಲೇ ಕಾಕು ನನ್ನ ಬಾಯಿಗೆ ಜ್ಯೇಷ್ಠಮಧುವಿನ ಹೊಸ ತುಂಡೊಂದನ್ನು ತುರುಕಿ ಕಿವಿಯಲ್ಲಿ, “ನಿಮ್ಮ ಮಾವನ ತೊಗರಿ ಹೇಳೋ,” ಅಂದರು.

ಹೇಳಿದೆ. ಆಡಕಿ ಹಳ್ಳಿಯಲ್ಲಿ ನನ್ನ ಸೋದರಮಾವ ತೊಗರಿ ಬೆಳೆಯುತ್ತಾನೆ. ಸಮುದ್ರ ನೋಡಿದವನಲ್ಲ. ಆದರೆ ರಂಗೂನಿನಿಂದ ತೊಗರಿ ತುಂಬಿದ ಹಡಗು ಹೊರಟಿತು ಅಂದರೆ ಅದು ಮುಂಬೈ ಮುಟ್ಟುವ ಮೊದಲೇ ಸೇಡಂನಲ್ಲಿ ರೇಟು ಬೀಳುತ್ತದೆ, ಮಾವ ಮುಖ ಕಪ್ಪು ಮಾಡಿಕೊಂಡು ಚೀಲ ವಾಪಸ್ ಒಯ್ಯುತ್ತಾನೆ. ಆ ಹಡಗನ್ನು ಕಳಿಸುವವರು ಯಾರು, ಯಾವಾಗ ಕಳಿಸುತ್ತಾರೆ ಎಂದು ಮಾವನಿಗೆ ಮೊದಲೇ ಹೇಳುವಷ್ಟು ಕಲಿಯಬೇಕು. ಇಷ್ಟನ್ನು ನನ್ನ ಹರಕು ಇಂಗ್ಲಿಷಿನಲ್ಲಿ, ಪ್ರತಿ ವಾಕ್ಯಕ್ಕೊಂದು ರಿ ಕಟ್ಟಿ, ಪ್ರತಿ ರಿಗೊಂದು ಚಿವುಟು ತಿಂದು ಹೇಳಿದೆ. ಆಕೆ ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದರು, ಉತ್ತರವೂ ಬಂತು.

“ಕೊನೆಯ ಪ್ರಶ್ನೆ,” ಅಂದರು. “ಹೂ ಈಸ್ ರೀ? ಅವರ ಹೆಸರು ತುಂಬ ಸಲ ಬಂತು. ನಿಮ್ಮ ಮಾವನೋ, ಪಾರ್ಟ್‌ನರೋ?”

ನನ್ನ ಜ್ಯೇಷ್ಠಮಧು ಗಂಟಲಿಗೆ ಇಳಿದುಹೋಯಿತು. ಕೆಮ್ಮು. ಕಾಕು ನನ್ನನ್ನೇ ನೋಡಿದರು, ರಿಸೀವರ್ ಕಸಿದುಕೊಂಡರು. ಟಕ್.

ವಾಡಿ ಸ್ಟೇಷನ್ನಿನ ದನಿಯಲ್ಲಿ ಅಚ್ಚ ಇಂಗ್ಲಿಷಿನಲ್ಲಿ ಹೇಳಿದರು: ರೀ ಎಂಬುದು ಮನುಷ್ಯನಲ್ಲ, ನಿಮಗೆ ಕೊಟ್ಟ ಮರ್ಯಾದೆ. ಬಿಡಿಸಲು ಒಂದು ವಾರ ಚಿವುಟಿದ್ದೇನೆ, ಹುಡುಗ ಬಿಡಲಿಲ್ಲ. ನಿಮಗಾದ ಅನನುಕೂಲಕ್ಕೆ ವಿಷಾದಿಸುತ್ತೇವೆ.

ಆ ಕಡೆ ನಗು. ನೀವು ಯಾವ ದೇಶಗಳಿಗೆ ಹೋಗಿದ್ದೀರಿ ಎಂದು ಆಕೆ ಕೇಳಿದರು.

“ನಾನು ಎಲ್ಲಿಗೂ ಹೋಗಿಲ್ಲ. ಹೋಗುವವರಿಗೆ ಪ್ಲಾಟ್‌ಫಾರಂ ಹೇಳುತ್ತೇನೆ.”

ಫೋನ್ ಇಟ್ಟು ಕಾಕು ಅಂದರು, “ನಾ ಬಾಯಿ ಹಾಕಬಾರದಿತ್ತೋ. ನಾನೇ ನಿನ್ನ ಗಾಡಿ ತಪ್ಪಿಸಿದೆನೇನೋ.” ಅವತ್ತಿನಿಂದ ಗೋಡೆಯ ಮೇಲೆ ಬಟ್ಟಲು ಬರುವುದು ನಿಂತಿತು. ಸ್ಟೇಷನ್ನಿನಿಂದ ಟಕ್ ಕೇಳುತ್ತಿತ್ತು, ಅದರ ಹಿಂದೆ ಬರುವ ದನಿ ಮಾತ್ರ ಬಡವಾಗಿತ್ತು. ಅಪ್ಪ ಗಾದಿಗೆ ಹೊಸ ಕವರು ಹೊಲಿಸಲು ಕೊಟ್ಟರು.

ಕವರು ಬರುವ ಮೊದಲೇ ಕಾಲೇಜಿಗೆ ಇ-ಮೇಲ್ ಬಂತು. ಆಯ್ಕೆಯಾದವನು ನಾನು. ಕೊನೆಯ ಸಾಲು: ರೀ ಅವರಿಗೆ ನಮಸ್ಕಾರ ತಿಳಿಸಿ.

ಹೊರಟ ದಿನ ಕಾಕುವಿಗೆ ಡ್ಯೂಟಿ. ಮುಂಬೈ ಗಾಡಿ ಯಾವ ಪ್ಲಾಟ್‌ಫಾರಂ ಎಂದು ಮೂರು ಭಾಷೆಯಲ್ಲಿ ಹೇಳಿದರು. ನಾನು ದನಿ ಕೇಳಿಸಿಕೊಂಡೆ, ಮಾತು ಕೇಳಿಸಿಕೊಳ್ಳಲಿಲ್ಲ. ಹಾಗಾಗಿ ಹಾಲೆಂಡಿಗೆ ಹೊರಟವನು ರಾಯಚೂರಿನ ಕಡೆಯ ಗಾಡಿಗೆ ಕಾಯುತ್ತ ನಿಂತಿದ್ದೆ. ಆಗ ಮೈಕಿನಲ್ಲಿ ಇನ್ನೊಮ್ಮೆ ಟಕ್.

“ಹುಷಾರ್ ಹೋಗಿ ಬರ್ರಿ.”

ಯಾವ ಗಾಡಿಗೂ ಹೇಳದ ಮಾತು. ನನ್ನ ಪಕ್ಕದಲ್ಲಿ ಗಂಟು ಹಿಡಿದು ನಿಂತಿದ್ದ ಅಜ್ಜಿ ಕಂಬದ ಮೇಲಿನ ಸ್ಪೀಕರಿಗೆ ಮುಖವೆತ್ತಿ, “ಹೂನ್ರೆವ್ವಾ, ಬರ್ತೀನಿ,” ಅಂದಳು. ನನಗೆ ಸಿಕ್ಕ ಮೊದಲ ರಿ ಅದು. ಅಜ್ಜಿಯ ಪಾಲಾಯಿತು ಅಂದುಕೊಳ್ಳುವಷ್ಟರಲ್ಲಿ ಬೋರ್ಡಿನ ಮೇಲಿನ ‘ರಾಯಚೂರು’ ಕಂಡಿತು, ಸೂಟ್‌ಕೇಸ್ ಎಳೆದುಕೊಂಡು ಸೇತುವೆ ಹತ್ತಿ ಓಡಿದೆ.

ಸೆಮಿಸ್ಟರ್ ಮುಗಿಸಿ ಬಂದಾಗ ಸ್ಟೇಷನ್ನಿಗೆ ಕಂಪ್ಯೂಟರಿನ ದನಿ ಬಂದಿತ್ತು. ಕಾಕುವನ್ನು ಪಾರ್ಸೆಲ್ ಆಫೀಸಿಗೆ ಹಾಕಿದ್ದರು. “ಚೀಲಗೋಳಿಗೆ ಅನೌನ್ಸ್‌ಮೆಂಟ್ ಬೇಕಾಗಂಗಿಲ್ಲೋ,” ಎಂದು ನಕ್ಕರು. ಜ್ಯೇಷ್ಠಮಧು ಬಿಟ್ಟಿದ್ದರು. ಗೆನ್ನೆ ಎರಡೂ ಸಮನಾಗಿದ್ದವು, ನೋಡಲು ಬೇರೆ ಯಾರೋ ಅನ್ನಿಸಿತು. ಕೆಲವು ವರ್ಷಗಳ ಮೇಲೆ ಅವರು ತೀರಿಕೊಂಡಾಗ ನಾನು ಚಿಂಚೋಳಿಯಲ್ಲಿ ತೊಗರಿ ತೂಗಿಸುತ್ತಿದ್ದೆ. ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗೋಡೆಯ ಮೇಲೆ ನಮ್ಮ ಮನೆಯ ಬಟ್ಟಲು ತೊಳೆದು ಬೋರಲು ಹಾಕಿತ್ತು.

ನಾನೀಗ ಬೇಳೆಕಾಳಿನ ವ್ಯಾಪಾರದಲ್ಲಿದ್ದೇನೆ. ಹಡಗು ಹೊರಡುವ ಸುದ್ದಿ ಮಾವನಿಗೆ ಮೊದಲೇ ತಿಳಿಸುತ್ತೇನೆ. ಆದರೂ ರೇಟು ಬಿದ್ದರೆ ಹಡಗಿನ ಬದಲು ನನ್ನನ್ನು ಬಯ್ಯುತ್ತಾನೆ. ರಂಗೂನಿನವರ ಜೊತೆ ಫೋನಿನಲ್ಲಿ ಮಾತಾಡುವಾಗ ಈಗಲೂ ‘ಯೆಸ್‌ರಿ’ ಅನ್ನುತ್ತೇನೆ. ಚಿವುಟುವವರಿಲ್ಲ. ಯಾರು ಈ ರೀ ಎಂದು ಕೆಲವರು ಕೇಳುತ್ತಾರೆ.

ನನ್ನ ಪಾರ್ಟ್‌ನರ್ ಅನ್ನುತ್ತೇನೆ.