ಮಟ್ರೋನಾ ನೀರು ಸುರಿದ ದೋಣಿ

ನಮ್ಮ ನುಷಗಾಕ್ ನದಿಯ ಹೆಂಗಸರಲ್ಲಿ ಮಟ್ರೋನಾಳಷ್ಟು ಕಡಿಮೆ ಮಾತಿನವಳು ಇನ್ನೊಬ್ಬಳಿರಲಿಲ್ಲ. ಗಂಡ ತೀರಿಕೊಂಡ ಮೇಲೂ ಪ್ರತಿ ಬೇಸಿಗೆ ನದಿ ಇಳಿದು ಹೋಗಿ, ಕೊಲ್ಲಿಯ ದಡದಲ್ಲಿ ಬಲೆ ಕಟ್ಟಿ, ಚಳಿಗಾಲಕ್ಕೆ ಬೇಕಾಗುವಷ್ಟು ಸಾಲ್ಮನ್ ಮೀನು ಹಿಡಿದು ಹೊಗೆಗೂಡಿನಲ್ಲಿ ಒಣಗಿಸುತ್ತಿದ್ದಳು. ಆ ವರ್ಷ ಅವಳ ಮರದ ದೋಣಿ ಕೊಳೆತು ಹೋಯಿತು. ಹಳೆಯದಾದರೂ ಸರಿ, ಒಂದು ಅಲ್ಯೂಮಿನಿಯಂ ದೋಣಿ ಕೊಳ್ಳೋಣವೆಂದು ತಮ್ಮ ಗವ್ರೀಲನನ್ನು ಕರೆದುಕೊಂಡು ಪಟ್ಟಣಕ್ಕೆ ಬಂದಳು. ನಾನೂ ಜೊತೆಗಿದ್ದೆ.

ಅವಳಿಗೆ ಬೇಕಾದದ್ದು ಸುಲಭಕ್ಕೆ ಸಿಗುವಂಥದ್ದಲ್ಲ. ನಮ್ಮ ಊರಿನ ಹತ್ತಿರ ನದಿ ಮೊಣಕಾಲುದ್ದ; ಅಲ್ಲಿ ದೋಣಿಯ ತಳ ಚಪ್ಪಟೆಯಾಗಿದ್ದರೆ ಒಳ್ಳೆಯದು. ಕೊಲ್ಲಿಯಲ್ಲಿ ಗಾಳಿ ಎದ್ದರೆ ಅದೇ ತಳ ಅಲೆಗೆ ಬಡಿದು ಕೂತವರ ಬೆನ್ನು ಮುರಿಯುತ್ತದೆ. ಅಲ್ಲಿಗೆ ಮೂತಿ ಚೂಪಾಗಿ, ಬದಿ ಎತ್ತರವಾಗಿರಬೇಕು. ಎರಡಕ್ಕೂ ಒಗ್ಗುವ ದೋಣಿಯನ್ನು ಯಾರೂ ಸುಮ್ಮನೆ ಮಾರುವುದಿಲ್ಲ.

ಹಳೆಯ ದೋಣಿಗಳ ವ್ಯಾಪಾರಿ ಕರ್ಟಿಸ್ ಅಂಥದ್ದೇ ಒಂದನ್ನು ತೋರಿಸಿದ. ಹಸಿರು ಬಣ್ಣ ಹೊಸದಾಗಿ ಮಿನುಗುತ್ತಿತ್ತು. ಉಪ್ಪುನೀರನ್ನೇ ಕಾಣದ ದೋಣಿ ಎಂದ. ಹೇಳಿದ್ದೆಲ್ಲ ಗವ್ರೀಲನಿಗೆ. ಕೊಳ್ಳುವವಳು ಎದುರಿಗೇ ನಿಂತಿದ್ದರೂ ಅವಳ ಮುಖ ನೋಡಲಿಲ್ಲ. ನನಗೆ ಅಲ್ಲೇ ಮೈ ಉರಿಯಿತು.

ಒಳಗೆ ನೀರು ತುಂಬಿಸಿ ನೋಡಬೇಕು ಅಂದಳು ಮಟ್ರೋನಾ. ಕರ್ಟಿಸ್ ನಕ್ಕ.

"ಅಜ್ಜಿ, ದೋಣಿ ಇರೋದು ನೀರನ್ನ ಹೊರಗಿಡೋಕೆ, ಒಳಗೆ ತುಂಬ್ಕೊಳ್ಳೋಕಲ್ಲ."

"ಒಳಗಿನ ನೀರು ಹೊರಗೆ ಬಂದ್ರೆ, ಹೊರಗಿನದು ಒಳಗೆ ಬರಲ್ವೇನಪ್ಪಾ?"

ಅವನು ಬೇಡವೆನ್ನುತ್ತಿದ್ದಂತೆಯೇ ಬಕೆಟ್ ತಂದು ಸುರಿಯತೊಡಗಿದಳು. ಗಾಡಿಯ ಮೇಲಿದ್ದ ದೋಣಿಯ ಅಡಿಗೆ ನಾವು ಬಗ್ಗಿ ನೋಡಿದೆವು. ತಳದ ಬೆಸುಗೆಯುದ್ದಕ್ಕೂ ಹಸಿರು ಬಣ್ಣ ಉಬ್ಬಿ, ಸಣ್ಣಗೆ ಬೆವರಿ, ಆಮೇಲೆ ತೊಟ್ಟಿಕ್ಕಿತು. ಬಿರುಕಿಗೆ ಮೆತ್ತಿದ್ದ ಪುಟ್ಟಿ ತುಂಡು ತುಂಡಾಗಿ ಉದುರಿತು.

ಮಟ್ರೋನಾ ಹಿಂಬದಿಗೆ ಹೋಗಿ ಅಂಚಿನ ಮೇಲೆ ಕೈಯಾಡಿಸಿದಳು. ಹಗ್ಗ ಕಟ್ಟುವ ಕೊಂಡಿ ಬಲಗಡೆಯಿತ್ತು. ಎಡಗಡೆ ಬಣ್ಣದಡಿಯಲ್ಲಿ ಮುಚ್ಚಿದ ನಾಲ್ಕು ತೂತುಗಳು ಬೆರಳಿಗೆ ಸಿಕ್ಕವು. ಕೊಂಡಿಯನ್ನು ಎಡಕ್ಕೆ ಹಾಕಿಸಿಕೊಂಡಿದ್ದವನು ನಮ್ಮೂರಿನಲ್ಲಿ ಒಬ್ಬನೇ, ಯಾಕೋ ಎಂಬ ಹೆಸರಿನ ಎಡಚ. ಹಿಂದಿನ ಬೇಸಿಗೆಯಲ್ಲಿ ಅವನ ದೋಣಿ ಕೊಲ್ಲಿಯ ನಡುವೆ ಬಿರುಕು ಬಿಟ್ಟು ಮುಳುಗಿತ್ತು. ಅವನು ಎಣ್ಣೆಯ ಡಬ್ಬಿ ಹಿಡಿದು ತೇಲಿ ಬದುಕಿದ. ಅವನ ತಮ್ಮ ಪೀಟರ್ ಬದುಕಲಿಲ್ಲ. ಆಮೇಲೆ ಉಬ್ಬರಕ್ಕೆ ದಡಕ್ಕೆ ಬಂದು ಕೆಸರಲ್ಲಿ ಸಿಕ್ಕಿಕೊಂಡಿದ್ದ ದೋಣಿಯನ್ನು ಯಾರೋ ಎಳೆದೊಯ್ದರೆಂದು ಕೇಳಿದ್ದೆವು, ಅಷ್ಟೆ.

"ಇದು ಯಾಕೋನ ದೋಣಿ," ಅಂದಳು.

ಹಳೆಯದೆಂದರೆ ಯಾರದ್ದೋ ಆಗಿರಲೇಬೇಕಲ್ಲ, ಬೇಕಾದರೆ ಮತ್ತೆ ಬೆಸುಗೆ ಹಾಕಿಸಿ ಕೊಡುತ್ತೇನೆ ಎಂದ ಕರ್ಟಿಸ್. ಅವನ ದನಿಯಲ್ಲಿ ನಾಚಿಕೆಯ ಎಳೆಯೂ ಇರಲಿಲ್ಲ.

"ಇದರಲ್ಲಿ ಹೋದವನ ಹೆಸರು ಗೊತ್ತೇನು ನಿನಗೆ? ಪೀಟರ್. ಹೇಳು ನೋಡೋಣ. ಒಂದ್ಸಲ ಬಾಯಲ್ಲಿ ಹೇಳು."

ಅವನು ಬಕೆಟನ್ನು ಕಾಲಿನಿಂದ ಬದಿಗೆ ತಳ್ಳಿದ. ಗವ್ರೀಲ ಮೆಲ್ಲಗೆ, "ಬಿಡಕ್ಕಾ, ನಮಗ್ಯಾಕೆ, ಬೇರೆ ಕಡೆ ನೋಡೋಣ," ಅಂದ. ಅವಳು ಅವನ ಕಡೆ ತಿರುಗಿದ ರೀತಿಗೆ ನಾನೂ ಎರಡು ಹೆಜ್ಜೆ ಹಿಂದೆ ಸರಿದೆ.

ಅಂದು ಸಂಜೆ ಅವಳು, ದೋಣಿಯವರು ಪರಸ್ಪರ ಮಾತಾಡುವ ರೇಡಿಯೋದ ಮುಂದೆ ಕೂತಳು. ನದಿಯುದ್ದದ ಊರುಗಳೆಲ್ಲ ಕೇಳುವ ಹೊತ್ತು. ಬಣ್ಣ, ಬಿರುಕು, ಮುಚ್ಚಿದ ತೂತು, ಮಾರುವವನ ಹೆಸರು, ಎಲ್ಲ ಹೇಳಿದಳು. ಮರುದಿನವೂ ಹೇಳಿದಳು. ಕರ್ಟಿಸ್ ದೂರು ಕೊಟ್ಟ. ಪೊಲೀಸಿನವನು ಬಂದು, ಒಬ್ಬರ ವ್ಯಾಪಾರ ಕೆಡಿಸಬಾರದು, ಸುಮ್ಮನಿರಿ ಅಂದ. ನೀನೂ ಒಂದು ಬಕೆಟ್ ನೀರು ಸುರಿದು ನೋಡಿ ಬಾ, ಆಮೇಲೆ ಸುಮ್ಮನಿರುತ್ತೇನೆ ಅಂದಳು. ಬಿರುಕಿಗೆ ಬಣ್ಣ ಬಳಿದು ಮಾರಬಾರದೆಂದು ಹೇಳಲು ಅವನ ಹತ್ತಿರ ಕಾನೂನಿರಲಿಲ್ಲವಂತೆ. ಹೇಳಿದವರ ಬಾಯಿ ಮುಚ್ಚಿಸಲು ಮಾತ್ರ ಇತ್ತು. ಇದಕ್ಕೆ ಏನನ್ನಬೇಕು?

ನದಿಯವರು ಯಾರೂ ಆ ದೋಣಿ ಕೊಳ್ಳಲಿಲ್ಲ. ಕರ್ಟಿಸ್ ಅದನ್ನು ಸರಕಿನ ಹಡಗಿಗೆ ಏರಿಸಿ, ನಮ್ಮ ರೇಡಿಯೋ ಮುಟ್ಟದ ಬೇರೊಂದು ಬಂದರಿಗೆ ಸಾಗಿಸಿಬಿಟ್ಟ. ಮಟ್ರೋನಾ ಅಲ್ಲಿನ ಇಗರ್ಜಿಯ ಪಾದ್ರಿಗೆ ಫೋನ್ ಮಾಡಿದಳು. ಅವರು ಪೂಜೆ ಮುಗಿದ ಮೇಲೆ ಜನರಿಗೆ ತಿಳಿಸಿದರಂತೆ. ಆ ಹೊತ್ತಿಗೆ ಅದು ಮಾರಿಹೋಗಿತ್ತೋ ಏನೋ, ಇವತ್ತಿಗೂ ಗೊತ್ತಿಲ್ಲ. ಯಾರ ಮನೆಯವರು ಅದರಲ್ಲಿ ಕೂತಿದ್ದಾರೆ ಎಂದು ನೆನೆದರೆ ನನಗೆ ಅನ್ನ ಇಳಿಯುವುದಿಲ್ಲ.

ಅವಳಿಗೆ ಕೊನೆಗೆ ಸಿಕ್ಕಿದ್ದು ಮೀನಿನ ಕಾರ್ಖಾನೆಯ ಕಾವಲುಗಾರನ ದೋಣಿ. ಬಣ್ಣ ಕಾಣದ್ದು, ಮೂತಿ ನೆಗ್ಗಿದ್ದು, ಬದಿ ಎತ್ತರದ್ದು. ನದಿ ಏರುವಾಗ ಏದುಸಿರು ಬಿಡುತ್ತದೆ, ಆಳವಿಲ್ಲದ ಕಡೆ ಇಳಿದು ತಳ್ಳಬೇಕು. ಕೊಲ್ಲಿಯಲ್ಲಿ ಮಾತ್ರ ಗಟ್ಟಿ. ಮೊದಲ ದಿನ ಬಲೆ ಕಟ್ಟಲು ಹೋದಾಗ ಅವಳು ಯಾಕೋನನ್ನೂ ಕರೆದಳು. ದೋಣಿ ಮುಳುಗಿದ ಮೇಲೆ ಅವನು ನೀರಿಗೆ ಇಳಿದೇ ಇರಲಿಲ್ಲ. ದಡದಲ್ಲಿ ಬಹಳ ಹೊತ್ತು ನಿಂತು, ಕೊನೆಗೆ ಹತ್ತಿ ಅವಳ ಪಕ್ಕ ಕೂತ.